ಗೊರೂರು ಹಿನ್ನೀರಿಗೆ ಸೈಕಲ್ ಸುತ್ತು: ಹೊರಡುವ ಮುನ್ನ ಜಲಾಶಯದ ಮಟ್ಟ ನೋಡಿ

ಹಾಸನದಿಂದ ಶೆಟ್ಟಿಹಳ್ಳಿ, ಅಲ್ಲಿಂದ ಗೊರೂರು, ಮತ್ತೆ ಹಾಸನ. ಎಲ್ಲ ಸೇರಿ 60 ಕಿ.ಮೀ. ಆಸುಪಾಸು, ಹಿಡಿಯುವ ಹಳ್ಳಿದಾರಿಯ ಮೇಲೆ ಒಂದಿಷ್ಟು ಹೆಚ್ಚು ಕಡಿಮೆ. ಘಾಟಿ ಇಲ್ಲವಲ್ಲ ಎಂದು ಹಗುರವಾಗಿ ಹೊರಟವರನ್ನು ಈ ದಾರಿ ಮಧ್ಯಾಹ್ನದ ಹೊತ್ತಿಗೆ ಸುಸ್ತು ಮಾಡಿಸುತ್ತದೆ. ಇಲ್ಲಿನ ಕಷ್ಟವೆಲ್ಲ ನೀರಿನದು. ಅದು ಎಷ್ಟು ಮೇಲೆ ಬಂದಿದೆ, ಎಲ್ಲಿಂದ ಹಿಂದೆ ಸರಿದಿದೆ ಎಂದು ತಿಳಿದು ಹೊರಟರೆ ಅರ್ಧ ಕೆಲಸ ಮುಗಿದಂತೆ.

ಮೊದಲ ಕೆಲಸ: ಮಟ್ಟ ನೋಡುವುದು

ಪತ್ರಿಕೆಯಲ್ಲಿ ಬರುವ ಜಲಾಶಯಗಳ ಪಟ್ಟಿಯಲ್ಲಿ ಹೇಮಾವತಿಯ ಸಾಲು ಹುಡುಕಿ; ಗೊರೂರು ಅಣೆಕಟ್ಟು ಕಟ್ಟಿರುವುದು ಈ ಹೊಳೆಗೇ. ಗರಿಷ್ಠ ಮಟ್ಟ 2,922 ಅಡಿ, ಸಂಗ್ರಹ ಸಾಮರ್ಥ್ಯ ಸುಮಾರು 37 ಟಿಎಂಸಿ ಅಡಿ. ಹಾಸನದಲ್ಲಿ ಬಿಸಿಲಿದೆ ಎಂದು ನಂಬಿ ಹೊರಡಬೇಡಿ. ಹೇಮಾವತಿ ಮೂಡಿಗೆರೆ ಸೀಮೆಯಿಂದ ಬರುತ್ತದೆ, ಯಗಚಿ ಬಾಬಾಬುಡನ್‌ಗಿರಿ ಕಡೆಯಿಂದ ಬಂದು ಗೊರೂರಿನ ಹತ್ತಿರ ಅದನ್ನು ಸೇರುತ್ತದೆ. ಅಲ್ಲಿ ಬಿದ್ದ ಮಳೆಯೆಲ್ಲ ಕೊನೆಗೆ ಬಂದು ನಿಲ್ಲುವುದು ಇಲ್ಲೇ.

ಮಟ್ಟ ಗರಿಷ್ಠದ ಹತ್ತಿರವಿದ್ದರೆ ಡಾಂಬರು ಬಿಡಬೇಡಿ. ಶೆಟ್ಟಿಹಳ್ಳಿಯ ಹಳೆಯ ಇಗರ್ಜಿ (ಚರ್ಚು) ಅರ್ಧ ಮುಳುಗಿರುತ್ತದೆ, ದಡದಿಂದಲೇ ನೋಡಬೇಕು. ಬೇಸಿಗೆಯಲ್ಲಿ ನೀರು ಇಳಿದರೆ ಅದೇ ಇಗರ್ಜಿಯ ಬಾಗಿಲಿಗೆ ನಡೆದು ಹೋಗಬಹುದು. ನನ್ನನ್ನು ಕೇಳಿದರೆ ಅಕ್ಟೋಬರ್ ಕೊನೆಯಿಂದ ಡಿಸೆಂಬರ್ ಒಳ್ಳೆಯ ಕಾಲ: ಮಳೆ ಹಿಂದೆಗೆದಿರುತ್ತದೆ, ನೀರು ಇನ್ನೂ ತುಂಬಿರುತ್ತದೆ, ಬಿಸಿಲೂ ಹಿತವಾಗಿರುತ್ತದೆ.

ಸೈಕಲ್ ಮತ್ತು ಬುತ್ತಿ

ತೆಳುವಾದ ರೇಸಿಂಗ್ ಟೈರು ಈ ಹಳ್ಳಿದಾರಿಗಳಿಗೆ ಒಗ್ಗುವುದಿಲ್ಲ. ತುಸು ಅಗಲದ್ದು ಬೇಕು. ಜಾಲಿ ಮುಳ್ಳಿಗೆ ಎರಡು ಟ್ಯೂಬು, ಪಂಪು, ಪಂಕ್ಚರ್ ಸಾಮಾನು ಇರಲಿ. ಕನಿಷ್ಠ ಎರಡು ಲೀಟರ್ ನೀರು, ಬಾಳೆಹಣ್ಣು, ಬೆಲ್ಲ, ಕಡಲೆಬೀಜ. ಹೆಲ್ಮೆಟ್ ಬಗ್ಗೆ ಬೇರೆ ಹೇಳಬೇಕಿಲ್ಲ.

ಬೆಳಕು ಹರಿದ ಮೇಲೆ ಹೊರಡಿ

ನಸುಕಿಗೇ ಹೊರಡುವುದು ಸೈಕಲ್ ಸವಾರರ ರೂಢಿ. ಇಲ್ಲಿ ಅದು ಬೇಡ. ಹಿನ್ನೀರಿನ ಆಚೆಗೆ ಆಲೂರು, ಸಕಲೇಶಪುರ ಸೀಮೆ; ಅಲ್ಲಿ ಕಾಡಾನೆ ಓಡಾಟವಿದೆ, ಆನೆಗಳಿಗೆ ತಾಲ್ಲೂಕಿನ ಗಡಿ ಗೊತ್ತಿಲ್ಲ. ಚೆನ್ನಾಗಿ ಬೆಳಕಾಗಲಿ. ದಾರಿಯ ಮೊದಲ ಟೀ ಅಂಗಡಿಯಲ್ಲಿ ನಿಂತು, "ಅಣ್ಣಾ, ಈ ಕಡೆ ಆನೆ ಏನಾದ್ರೂ ಕಾಣಿಸ್ಕೊಂಡಿದ್ಯಾ?" ಎಂದು ಕೇಳಿ. ಇದೆ ಅಂದರೆ ಆ ದಿನದ ಮಟ್ಟಿಗೆ ಗೊರೂರಿನ ದೊಡ್ಡ ರಸ್ತೆಯಲ್ಲೇ ಹೋಗಿ ಬನ್ನಿ.

ಶೆಟ್ಟಿಹಳ್ಳಿಗೇ ಮೊದಲು ಹೋಗಿ ಎನ್ನುವುದಕ್ಕೆ ಕಾರಣವಿದೆ. ಬೆಳಗ್ಗೆ ಗಾಳಿ ಕಡಿಮೆ. ಮಳೆಗಾಲವಾದರೆ ಪಡುವಣ ಗಾಳಿ ಎದುರಿಗೇ ಬರುತ್ತದೆ, ಕಾಲಿನಲ್ಲಿ ಕಸುವು ಇರುವಾಗಲೇ ಅದನ್ನು ದಾಟಿಬಿಡುವುದು ಒಳ್ಳೆಯದು.

ನವೆಂಬರ್, ಡಿಸೆಂಬರ್‌ನಲ್ಲಿ ಇನ್ನೊಂದು ತೊಡಕು: ರಸ್ತೆಯ ಮೇಲಿನ ಒಕ್ಕಣೆ. ರಾಗಿ, ಹುರುಳಿಯನ್ನು ಡಾಂಬರಿಗೆ ಹರಡಿರುತ್ತಾರೆ. ಬಸ್ಸು, ಲಾರಿ ಹತ್ತಿದರೆ ಕಾಳು ಉದುರುತ್ತದೆ. ಸೈಕಲ್ ಹತ್ತಿದರೆ ಚಕ್ರ ಜಾರುತ್ತದೆ, ಹುಲ್ಲು ಗೇರಿಗೆ ಸುತ್ತಿಕೊಳ್ಳುತ್ತದೆ. ಅದರ ಮೇಲೆ ಬ್ರೇಕ್ ಹಿಡಿಯಲೇಬೇಡಿ. ಇಳಿದು, ಬದಿಯಲ್ಲಿ ತಳ್ಳಿಕೊಂಡು ಹೋಗಿ. ಅದು ಒಂದು ಮನೆಯ ವರ್ಷದ ಅನ್ನ.

ಶೆಟ್ಟಿಹಳ್ಳಿ: ಇಲ್ಲಿ ನಿಧಾನಿಸಿ

1860ರ ದಶಕದಲ್ಲಿ ಫ್ರೆಂಚ್ ಮಿಷನರಿಗಳು ಕಟ್ಟಿದ ಇಗರ್ಜಿ ಇದು. ಗೊರೂರು ಅಣೆಕಟ್ಟಿನಿಂದ ಊರು ಮುಳುಗಡೆಯಾಯಿತು, ಜನ ಬೇರೆಡೆಗೆ ಹೋದರು, ಗೋಡೆಗಳು ಉಳಿದವು. ವರ್ಷ ವರ್ಷ ನೆನೆದು ಒಣಗಿದ ಗೋಡೆ. ಕಮಾನಿನ ಕೆಳಗೆ ನಿಲ್ಲುವುದು, ಹತ್ತುವುದು ಬೇಡ.

ನೀರು ಇಳಿದಾಗ ಕಾಣುವ ಬಯಲು ಸೈಕಲ್ ಸವಾರರಿಗೆ ದೊಡ್ಡ ಆಸೆ ಹುಟ್ಟಿಸುತ್ತದೆ. ಎರಡು ಕಾರಣಕ್ಕೆ ಆ ಆಸೆ ಹಿಡಿದಿಟ್ಟುಕೊಳ್ಳಿ. ಒಂದು, ಮೇಲ್ಪದರ ಒಣಗಿ ಬಿರಿದಿದ್ದರೂ ಒಳಗೆ ಹೂಳು ಹಸಿಯಾಗಿಯೇ ಇರುತ್ತದೆ, ಚಕ್ರ ಹೂತುಕೊಳ್ಳುತ್ತದೆ. ಇನ್ನೊಂದು ನನಗೆ ಹೆಚ್ಚು ಮುಖ್ಯ: ಟಿಟ್ಟಿಭ, ರೀವದಂಥ ಹಕ್ಕಿಗಳು ಬೇಸಿಗೆಯಲ್ಲಿ ಬರಿ ನೆಲದ ಮೇಲೇ ಮೊಟ್ಟೆ ಇಡುತ್ತವೆ. ಕಲ್ಲುಮಣ್ಣಿನ ಬಣ್ಣದ ಆ ಮೊಟ್ಟೆ ಸೀಟಿನ ಮೇಲಿಂದ ಕಾಣುವುದಿಲ್ಲ. ಜನ, ದನ ಓಡಾಡಿ ಸವೆದ ಹಾದಿಯಲ್ಲೇ ನಡೆಯಿರಿ. ಟಿಟ್ಟಿಭ ತಲೆಯ ಮೇಲೆ ಕೂಗುತ್ತಾ ಸುತ್ತಿದರೆ ಗೂಡು ಹತ್ತಿರದಲ್ಲಿದೆ ಎಂದೇ ಅರ್ಥ. ಬಂದ ಹೆಜ್ಜೆಯಲ್ಲೇ ಹಿಂದಕ್ಕೆ ಬನ್ನಿ.

ಗೊರೂರಿಗೆ

ಇಲ್ಲಿಂದ ಹಳ್ಳಿಗಳ ನಡುವಿನ ಏರಿಳಿತ. ಮೊಬೈಲ್ ನಕ್ಷೆ ಕೆಲವೊಮ್ಮೆ ಹೊಲದ ಬದುವಿಗೂ ರಸ್ತೆ ಎಂದು ಗೆರೆ ಎಳೆದಿರುತ್ತದೆ. ಹಾಗಾಗಿ ಕವಲು ಬಂದಲ್ಲೆಲ್ಲ "ಗೊರೂರಿಗೆ ಟಾರು ರೋಡು ಯಾವುದು?" ಎಂದೇ ಕೇಳಿ.

ಅಣೆಕಟ್ಟು ಮುಗಿದದ್ದು 1979ರಲ್ಲಿ. ಒಳಗೆ ಬಿಡುವುದಿಲ್ಲ ಎಂದರೆ ವಾದ ಬೇಡ. ಹೊಳೆದಂಡೆಯ ಯೋಗಾನರಸಿಂಹ ದೇವಸ್ಥಾನದ ಕಡೆಗೆ ಹೋಗಿ ಸ್ವಲ್ಪ ಕಾಲು ಚಾಚಿ. ಹೊಳೆಗೆ ಮಾತ್ರ ಇಳಿಯಬೇಡಿ. ಗೇಟು ತೆಗೆದಾಗ ನೀರು ಏರುವ ವೇಗಕ್ಕೆ ದಡ ಸೇರಲು ಹೊತ್ತು ಸಿಗುವುದಿಲ್ಲ. ಹೊಟ್ಟೆಗೆ ಹಾಕಿಕೊಳ್ಳುವುದಿದ್ದರೆ ಇಲ್ಲೇ ಹಾಕಿಕೊಳ್ಳಿ.

ವಾಪಸು

ನಿಜವಾದ ಪರೀಕ್ಷೆ ಈಗ. ತುಂಬಿದ ಜಲಾಶಯದ ಮಟ್ಟ ಸುಮಾರು 890 ಮೀಟರ್. ಹಾಸನ ಅದಕ್ಕಿಂತ ಎತ್ತರದಲ್ಲಿದೆ. ಬೆಳಗ್ಗೆ ಆರಾಮಾಗಿ ಇಳಿದದ್ದನ್ನೆಲ್ಲ ಬಿಸಿಲಲ್ಲಿ ಹತ್ತಬೇಕು. ಒಂದೇ ಕಡಿದಾದ ಏರಲ್ಲ, ಒಂದರ ಹಿಂದೊಂದು ಉದ್ದದ ದಿಣ್ಣೆಗಳು. ಕಾಲು ಬಿಗಿಯುವ ಮೊದಲೇ ಹಗುರ ಗೇರಿಗೆ ಬನ್ನಿ, ಎದ್ದು ನಿಂತು ತುಳಿಯಬೇಡಿ. ಬಾಯಾರುವ ಮುನ್ನವೇ ಗುಟುಕು ನೀರು ಕುಡಿಯುತ್ತಿರಿ; ಉಪ್ಪು, ಸಕ್ಕರೆ, ನಿಂಬೆ ಹಿಂಡಿದ್ದಾದರೆ ಮೀನಖಂಡ ಹಿಡಿದುಕೊಳ್ಳುವುದು ತಪ್ಪೀತು. ಎಡಬದಿ ಬಿಡಬೇಡಿ, ಬಸ್ಸುಗಳು ವೇಗವಾಗಿ ಬರುತ್ತವೆ.

ಮನೆಗೆ ಬಂದ ಕೂಡಲೇ ಸ್ನಾನಕ್ಕೆ ಮೊದಲು ಸೈಕಲ್ ತೊಳೆಯಿರಿ. ಹಿನ್ನೀರಿನ ನುಣುಪು ಕೆಸರು ಒಣಗಿದರೆ ಚೈನಿನ ಕೊಂಡಿಗಳನ್ನು ಸವೆಸುತ್ತದೆ. ನೀರು ಹಾಕಿ ಬ್ರಷ್ಷಿನಿಂದ ಉಜ್ಜಿ, ಬಟ್ಟೆಯಲ್ಲಿ ಒರೆಸಿ, ಪೂರ್ತಿ ಒಣಗಿದ ಮೇಲೆ ಎಣ್ಣೆ ಬಿಡಿ.