ಮಷಿನ್ ಕೆಟ್ಟಿರಲಿಲ್ಲ, ಕೆಡಿಸಿದ್ದು ನಾನೇ

ನನ್ನ ಮೊದಲ ಹುಲ್ಲು ಹೊಡೆಯುವ ಮಷಿನ್ ಒಂದೇ ಮಧ್ಯಾಹ್ನದಲ್ಲಿ ಸತ್ತಿತು. ಶೆಡ್ಡಿನಲ್ಲಿ ಒಂದೇ ತರಹದ ಎರಡು ಕ್ಯಾನ್ ಇದ್ದವು. ಒಂದರಲ್ಲಿ ಬೈಕಿಗೆ ಅಂತ ಇಟ್ಟ ಬರೀ ಪೆಟ್ರೋಲ್, ಇನ್ನೊಂದರಲ್ಲಿ ಆಯಿಲ್ ಬೆರೆಸಿದ್ದು. ಅವಸರದಲ್ಲಿ ಬರೀ ಪೆಟ್ರೋಲನ್ನೇ ಸುರಿದುಬಿಟ್ಟೆ. ಸ್ವಲ್ಪ ಹೊತ್ತು ಚೆನ್ನಾಗಿಯೇ ಓಡಿತು. ಇವತ್ತು ಹೊಗೆ ಕಡಿಮೆ ಇದೆಯಲ್ಲ ಅಂತ ಖುಷಿಯೂ ಆಯಿತು! ಆಮೇಲೆ ಕಿರ್ ಅಂತ ಒಮ್ಮೆ ಕಿರುಚಿ ನಿಂತೇ ಹೋಯಿತು. ಹಗ್ಗ ಎಳೆದರೆ ಅಲುಗಾಡಲೇ ಇಲ್ಲ. ಸೈಲೆನ್ಸರ್ ಬಿಚ್ಚಿ ತೂತಿನೊಳಗೆ ಟಾರ್ಚ್ ಬಿಟ್ಟು ನೋಡಿದೆ. ಪಿಸ್ಟನ್ನಿನ ಮೈಮೇಲೆ ಬೆಕ್ಕು ಪರಚಿದ ಹಾಗೆ ಉದ್ದುದ್ದ ಗೀರುಗಳು.

ನನ್ನ ಮಷಿನ್ನಿನಂಥ ಟೂ ಸ್ಟ್ರೋಕ್ ಎಂಜಿನ್ನಿಗೆ ಬೇರೆ ಆಯಿಲ್ ಚೇಂಬರ್ ಇರುವುದಿಲ್ಲ. ಪೆಟ್ರೋಲಿನ ಜೊತೆ ಹೋಗುವ ಆಯಿಲ್ಲೇ ಪಿಸ್ಟನ್ನು, ಬೇರಿಂಗು ಎಲ್ಲವನ್ನೂ ಕಾಯಬೇಕು. ಎಷ್ಟು ಬೆರೆಸಬೇಕು ಅನ್ನುವುದು ಮಷಿನ್ ಜೊತೆ ಬಂದ ಪುಸ್ತಕದಲ್ಲಿ ಇರುತ್ತದೆ. 25:1 ಅಂದರೆ ಲೀಟರಿಗೆ 40 ಮಿ.ಲೀ., 50:1 ಅಂದರೆ 20 ಮಿ.ಲೀ. ನನ್ನ ಈಗಿನ ಮಷಿನ್ 50:1ರದ್ದು. ಅಳತೆಗೆ ಸೂಜಿ ತೆಗೆದ ದೊಡ್ಡ ಸಿರಿಂಜ್ ಇಟ್ಟುಕೊಂಡಿದ್ದೇನೆ. ಕ್ಯಾನಿಗೆ ಮೊದಲು ಅರ್ಧ ಪೆಟ್ರೋಲ್, ಆಮೇಲೆ ಆಯಿಲ್, ಚೆನ್ನಾಗಿ ಕುಲುಕಿ, ಉಳಿದ ಪೆಟ್ರೋಲ್, ಮತ್ತೆ ಕುಲುಕು. ನೇರವಾಗಿ ಟ್ಯಾಂಕಿನಲ್ಲೇ ಬೆರೆಸಿದರೆ ಸರಿಯಾಗಿ ಕೂಡಿಕೊಳ್ಳುವುದಿಲ್ಲ. ಫೋರ್ ಸ್ಟ್ರೋಕ್ ಮಷಿನ್ ಇದ್ದವರಿಗೆ ಈ ರಗಳೆ ಇಲ್ಲ, ಅದರಲ್ಲಿ ಆಯಿಲ್ ಬೇರೆಯೇ ಹಾಕುವುದು.

ಈಗ ಎರಡನೇ ತಪ್ಪಿನ ಕಥೆ. ಇದು ಮೊದಲನೆಯದರ ಹೊಟ್ಟೆಯಲ್ಲೇ ಹುಟ್ಟಿದ್ದು. ಒಂದು ಎಂಜಿನ್ ಸುಟ್ಟುಕೊಂಡವನಿಗೆ ಹೆದರಿಕೆ ಇರುತ್ತದಲ್ವಾ? ಹೊಸ ಮಷಿನ್ನಿಗೆ 20 ಮಿ.ಲೀ. ಬದಲು 35, ಒಮ್ಮೊಮ್ಮೆ 40 ಹಾಕುತ್ತಿದ್ದೆ. ಜಾಸ್ತಿ ಆಯಿಲ್ ಹಾಕಿದರೆ ಏನಾಗುತ್ತೆ, ಒಳ್ಳೆಯದೇ ಅಲ್ವಾ ಅಂತ ನನ್ನ ಲೆಕ್ಕ. ಒಂದು ಸೀಸನ್ ಆದ ಮೇಲೆ ಮಷಿನ್ ಸೊರಗತೊಡಗಿತು. ಸ್ಟಾರ್ಟ್ ಆಗುತ್ತದೆ, ಸಣ್ಣಗೆ ಓಡುತ್ತದೆ, ಆದರೆ ಎಕ್ಸಿಲೇಟರ್ ಒತ್ತಿದರೆ ಬೂಂ ಅನ್ನುವುದರ ಬದಲು ಬುಸ್ ಅನ್ನುತ್ತದೆ. ಗಟ್ಟಿ ಹುಲ್ಲಿಗೆ ತಾಗಿಸಿದರೆ ನಿಂತೇ ಹೋಗುತ್ತದೆ.

ನಾನು ಮೊದಲು ಕೈ ಹಾಕಿದ್ದು ಕಾರ್ಬೋರೇಟರಿಗೆ. ಅಲ್ಲಿ ಸಣ್ಣ ಸಣ್ಣ ಸ್ಕ್ರೂ ಇವೆ, ತಿರುಗಿಸಲು ಕೈ ತುರಿಸುತ್ತದೆ. ಎರಡು ವಾರ ತಿರುಗಿಸಿದೆ, ಇನ್ನಷ್ಟು ಹಾಳಾಯಿತು. ಪ್ಲಗ್ ಹೊಸದು ಹಾಕಿದೆ. ಏರ್ ಫಿಲ್ಟರ್ ತೊಳೆದೆ. ಟ್ಯಾಂಕಿನೊಳಗಿನ ಪೆಟ್ರೋಲ್ ಫಿಲ್ಟರನ್ನು ತಂತಿ ಕೊಕ್ಕೆಯಿಂದ ಹೊರಗೆಳೆದು ಬದಲಾಯಿಸಿದೆ. ಏನೂ ಇಲ್ಲ. ಕೊನೆಗೆ ರಿಪೇರಿ ಬಲ್ಲ ಹಿರಿಯರೊಬ್ಬರು ಬಂದು, ಮಷಿನ್ ಮುಟ್ಟುವ ಮೊದಲೇ, ‘ಸೈಲೆನ್ಸರ್ ಜಾಳಿಗೆ ನೋಡಿದ್ಯೇನಪ್ಪಾ?’ ಅಂದರು. ಅಂಥದ್ದೊಂದು ಇದೆ ಅಂತಲೇ ನನಗೆ ಗೊತ್ತಿರಲಿಲ್ಲ.

ಸೈಲೆನ್ಸರಿನ ಬಾಯಿಯಲ್ಲಿ, ಕಿಡಿ ಹೊರಗೆ ಹಾರದಿರಲಿ ಅಂತ, ನಾಣ್ಯದಷ್ಟಗಲದ ಒಂದು ತಂತಿ ಜಾಲರಿ ಇರುತ್ತದೆ. ಒಂದು ಸ್ಕ್ರೂ ಬಿಚ್ಚಿದರೆ ಕೈಗೆ ಬರುತ್ತದೆ. ನನ್ನದು ಕೈಗೆ ಬಂದಾಗ ಜಾಲರಿಯಂತೆ ಕಾಣಲಿಲ್ಲ, ಸೀದ ದೋಸೆಯ ಚೂರಿನಂತಿತ್ತು. ಆಯಿಲ್ ಜಾಸ್ತಿಯಾಗಿ ಕಪ್ಪು ಮಸಿ ಕಟ್ಟಿ ಒಂದು ಕಣ್ಣೂ ತೆರೆದಿರಲಿಲ್ಲ. ಹೊಗೆ ಹೊರಗೆ ಹೋಗದಿದ್ದರೆ ಹೊಸ ಗಾಳಿ ಒಳಗೆ ಬರುವುದೆಲ್ಲಿಂದ? ತಂತಿ ಬ್ರಷ್ಷಿನಿಂದ ಉಜ್ಜಿ ಹಾಕಿದೆ. ಒಂದೇ ಎಳೆತಕ್ಕೆ ಹಳೆಯ ಸದ್ದು! ಎರಡು ವಾರ ತಿರುಗಿಸಿದ್ದ ಸ್ಕ್ರೂಗಳನ್ನು ಸರಿ ಮಾಡಿಸಲು ಮಾತ್ರ ಆಮೇಲೆ ಅವರ ಹತ್ತಿರವೇ ಹೋಗಬೇಕಾಯಿತು.

ಅಂದಿನಿಂದ ನನ್ನ ಕ್ರಮ ಬದಲಾಗಿದೆ. ಸ್ಟಾರ್ಟ್ ಆಗದಿದ್ದರೆ ಮೊದಲು ಪೆಟ್ರೋಲ್ ನೋಡುತ್ತೇನೆ. ಬೆರೆಸಿಟ್ಟು ಒಂದು ತಿಂಗಳು ದಾಟಿದ್ದರೆ ಅದನ್ನು ಮಷಿನ್ನಿಗೆ ಹಾಕುವುದಿಲ್ಲ. ಈಗಿನ ಪೆಟ್ರೋಲಿನಲ್ಲಿ ಎಥನಾಲ್ ಇರುವುದರಿಂದ ಅದು ಗಾಳಿಯ ತೇವ ಎಳೆದುಕೊಳ್ಳುತ್ತದೆ. ಆಮೇಲೆ ಪ್ಲಗ್, ಆಮೇಲೆ ಏರ್ ಫಿಲ್ಟರ್, ಆಮೇಲೆ ಜಾಲರಿ. ಕಾರ್ಬೋರೇಟರ್ ಎಲ್ಲಕ್ಕಿಂತ ಕೊನೆಗೆ. ಅಷ್ಟು ದೂರ ಹೋಗುವ ಪ್ರಸಂಗ ಇಲ್ಲಿಯವರೆಗೆ ಒಮ್ಮೆ ಮಾತ್ರ ಬಂದಿದೆ.

ತಣ್ಣಗಿರುವ ಎಂಜಿನ್ ಸ್ಟಾರ್ಟ್ ಮಾಡುವುದಕ್ಕೂ ಒಂದು ಲಯ ಇದೆ. ರಬ್ಬರ್ ಗುಳ್ಳೆಯನ್ನು ಐದಾರು ಸಲ ಒತ್ತಿ, ಪೈಪಿನಲ್ಲಿ ಪೆಟ್ರೋಲ್ ಬಂದದ್ದು ಕಾಣಬೇಕು. ಚೋಕ್ ಹಾಕಿ, ಮಷಿನ್ನನ್ನು ನೆಲಕ್ಕೆ ಒತ್ತಿ ಹಿಡಿದು, ಹಗ್ಗವನ್ನು ನಿಧಾನ ಎಳೆದು ಬಿಗಿ ಸಿಕ್ಕ ಮೇಲೆ ಒಮ್ಮೆಲೇ ಎಳೆಯುವುದು. ಒಂದು ಸಲ ಕೆಮ್ಮಿತು ಅಂದರೆ ಸಾಕು, ತಕ್ಷಣ ಚೋಕ್ ತೆಗೆಯಬೇಕು. ಆ ಕೆಮ್ಮು ಕೇಳಿಸಿಕೊಳ್ಳದೆ ಎಳೆಯುತ್ತಲೇ ಹೋದರೆ ಪೆಟ್ರೋಲ್ ತುಂಬಿ ಪ್ಲಗ್ ಒದ್ದೆಯಾಗುತ್ತದೆ. ಆಗ ಪ್ಲಗ್ ಬಿಚ್ಚಿ ಒರೆಸಿ, ಪ್ಲಗ್ ಇಲ್ಲದೆಯೇ ಸ್ವಿಚ್ ಆಫ್ ಮಾಡಿ ಏಳೆಂಟು ಸಲ ಎಳೆದು, ಮತ್ತೆ ಹಾಕಿದರೆ ಸರಿಹೋಗುತ್ತದೆ. ಹಗ್ಗವನ್ನು ಎಳೆದು ಹಾಗೇ ಬಿಟ್ಟುಬಿಡಬೇಡಿ, ಕೈಯಲ್ಲೇ ಹಿಡಿದು ವಾಪಸ್ ಬಿಡಬೇಕು.

ಹುಲ್ಲು ಕೊಯ್ಯುವ ನೈಲಾನ್ ದಾರವನ್ನು ಸ್ಪೂಲಿಗೆ, ಅಂದರೆ ಮಷಿನ್ನಿನ ತಲೆಯೊಳಗಿನ ಉರುಳೆಗೆ, ಸುತ್ತುವುದು ಹಲವರಿಗೆ ತಲೆನೋವು. ನನಗೂ ಆಗಿತ್ತು. ದಾರವನ್ನು ಮಧ್ಯಕ್ಕೆ ಮಡಚಿ, ಮಡಿಕೆಯನ್ನು ಸ್ಪೂಲಿನ ಸಂದಿಗೆ ಸಿಕ್ಕಿಸಿ, ಎರಡೂ ಎಳೆಗಳನ್ನು ಅವುಗಳದೇ ಕೋಣೆಯಲ್ಲಿ ಬಾಣದ ಗುರುತು ಇರುವ ಕಡೆಗೇ ಬಿಗಿಯಾಗಿ ಸುತ್ತಬೇಕು. ಒಂದರ ಮೇಲೊಂದು ಅಡ್ಡ ಬಿದ್ದರೆ ನೆಲಕ್ಕೆ ತಟ್ಟಿದಾಗ ದಾರ ಹೊರಬರುವುದಿಲ್ಲ. ಕಲ್ಲು, ಗೋಡೆಗೆ ಬಡಿಸಿದರೆ ಒಳಗೇ ಬಿಸಿಯಾಗಿ ಒಂದಕ್ಕೊಂದು ಅಂಟಿಕೊಳ್ಳುವುದೂ ಉಂಟು. ಸುತ್ತುವ ಹಿಂದಿನ ದಿನ ದಾರವನ್ನು ನೀರಿನಲ್ಲಿ ನೆನೆ ಹಾಕುತ್ತೇನೆ. ನೈಲಾನ್ ನೀರು ಕುಡಿದು ಮೆದುವಾಗುತ್ತದೆ, ಬೇಗ ತುಂಡಾಗುವುದಿಲ್ಲ.

ಇನ್ನೊಂದು ಹುಚ್ಚುತನ ಬಹಳ ಜನ ಮಾಡುತ್ತಾರೆ. ಗಾರ್ಡ್ ಕಿತ್ತು ದಾರ ಉದ್ದ ಬಿಡುವುದು. ಜಾಸ್ತಿ ಜಾಗ ಕೊಯ್ಯುತ್ತದೆ ಅಂತ ಅನಿಸುತ್ತದೆ, ಆದರೆ ಎಂಜಿನ್ನಿಗೆ ಭಾರವಾಗಿ ಕಾಯುತ್ತದೆ. ಗಾರ್ಡಿನಲ್ಲಿರುವ ಸಣ್ಣ ಬ್ಲೇಡ್ ದಾರವನ್ನು ಅಳತೆಗೆ ಕತ್ತರಿಸಲೆಂದೇ ಇರುವುದು. ಕಲ್ಲು ಹಾರಿ ಬರುವುದು ಬೇರೆ. ನನ್ನ ಕನ್ನಡಕದ ಮೇಲೆ ಒಂದು ಗುಂಡಿ ಬಿದ್ದಿದೆ, ಸರಿಯಾಗಿ ಬಲಗಣ್ಣಿನ ಎದುರು. ಅದನ್ನು ಬದಲಾಯಿಸಿಲ್ಲ, ನೋಡಿದಾಗಲೆಲ್ಲ ನೆನಪಾಗಲಿ ಅಂತ. ಯಾರಾದರೂ ಹತ್ತಿರ ಬರುತ್ತಿದ್ದರೆ ಕೆಲಸ ನಿಲ್ಲಿಸುತ್ತೇನೆ. 15 ಮೀಟರ್ ಅಂತರ ಅಂತ ಮಷಿನ್ ಮೇಲೆಯೇ ಬರೆದಿರುತ್ತದೆ. ಕಿವಿಗೆ ಮುಚ್ಚಳ, ಕಾಲಿಗೆ ಬೂಟು ಇಲ್ಲದೆ ಶುರು ಮಾಡುವುದಿಲ್ಲ.

ಹೊಡೆಯುವಾಗ ದಾರದ ತುದಿಯೇ ಕೆಲಸ ಮಾಡುವುದು. ಮಷಿನ್ನಿನ ತಲೆಯನ್ನು ಹುಲ್ಲಿನೊಳಗೆ ತುರುಕಿದರೆ ಸುತ್ತಿಕೊಳ್ಳುತ್ತದೆ ಅಷ್ಟೇ. ನನ್ನ ಮಷಿನ್ನಿನ ತಲೆ ಮೇಲಿನಿಂದ ನೋಡಿದರೆ ಗಡಿಯಾರಕ್ಕೆ ಎದುರಾಗಿ ತಿರುಗುತ್ತದೆ. ಹಾಗಾಗಿ ಬಲದಿಂದ ಎಡಕ್ಕೆ ಬೀಸುತ್ತೇನೆ. ಕೊಯ್ದ ಹುಲ್ಲು ಎಡಕ್ಕೆ, ಆಗಲೇ ಕೊಯ್ದಾದ ಜಾಗಕ್ಕೆ ಬೀಳುತ್ತದೆ. ಎಳೆಯ ಗಿಡದ ಬುಡಕ್ಕೆ ಮಾತ್ರ ಹತ್ತಿರ ಹೋಗುವುದಿಲ್ಲ. ತೊಗಟೆ ಸುತ್ತಲೂ ಕಿತ್ತುಹೋದರೆ ಗಿಡ ಒಣಗುತ್ತದೆ. ಹಾಗೆ ಮೂರು ಗಿಡ ಕೊಂದಿದ್ದೇನೆ. ಈಗ ಅಲ್ಲಿ ಕೈಯಲ್ಲೇ ಕೀಳುವುದು.

ದಪ್ಪ ಕಾಂಡದ ಕಳೆಗೆ ದಾರದ ಬದಲು ಬ್ಲೇಡ್ ಹಾಕುವಾಗ ಒಂದು ವಿಷಯ. ನನ್ನ ಮಷಿನ್ನಿನಲ್ಲಿ ಬ್ಲೇಡ್ ಹಿಡಿಯುವ ನಟ್ಟಿನದು ಉಲ್ಟಾ ಥ್ರೆಡ್. ಬಿಚ್ಚುತ್ತೇನೆ ಅಂದುಕೊಂಡು ಅರ್ಧ ಗಂಟೆ ಬಿಗಿ ಮಾಡುತ್ತಾ ಕುಳಿತಿದ್ದೆ. ಗೇರ್ ಬಾಕ್ಸಿನ ತೂತಿಗೆ ಕಡ್ಡಿ ಸಿಕ್ಕಿಸಿ, ಬಲಕ್ಕೆ ತಿರುಗಿಸಿದರೆ ಬಿಚ್ಚುತ್ತದೆ. ಅದೇ ಗೇರ್ ಬಾಕ್ಸಿನ ಪಕ್ಕದಲ್ಲೊಂದು ಸ್ಕ್ರೂ ಇದೆ, ಸುಮಾರು 25 ಗಂಟೆ ಕೆಲಸಕ್ಕೊಮ್ಮೆ ಅಲ್ಲಿಂದ ಗ್ರೀಸ್ ತುಂಬುತ್ತೇನೆ.

ಮಳೆಗಾಲ ಮುಗಿದ ಮೇಲೆ ಟ್ಯಾಂಕ್ ಖಾಲಿ ಮಾಡಿ, ತಾನಾಗಿ ನಿಲ್ಲುವವರೆಗೆ ಓಡಿಸಿ, ಕಾರ್ಬೋರೇಟರ್ ಒಣಗಿಸಿ ಇಡುತ್ತೇನೆ. ಬೆರೆಸಿದ ಪೆಟ್ರೋಲಿನ ಕ್ಯಾನಿಗೆ ಈಗ ಕೆಂಪು ಟೇಪ್ ಸುತ್ತಿದೆ. ಯಾರಾದರೂ ಎರವಲು ಕೇಳಿದರೆ ಮಷಿನ್ ಜೊತೆ ಆ ಕ್ಯಾನನ್ನೂ ಕೊಟ್ಟೇ ಕಳಿಸುತ್ತೇನೆ. ಮಷಿನ್ ವಾಪಸ್ ಬರುತ್ತದೆ. ಕ್ಯಾನ್ ಖಾಲಿಯಾಗಿ ಬರುತ್ತದೆ.