ಸೀಸ, ಜೋಳ ಜೊತೆಯಾಗಿ ತೂಗಿದವು

ಲೋಲಕದ ಗುಂಡು ಯಾವ ವಸ್ತುವಿನದಾದರೂ ತೂಗಾಟ ಒಂದೇ ಅಂತ ಪ್ರತಿ ವರ್ಷ ಪಾಠ ಮಾಡುತ್ತೇವೆ. ಮಾಡಿ ತೋರಿಸುವುದು ಮಾತ್ರ ಕಷ್ಟ, ಅಲ್ವಾ? ಕಬ್ಬಿಣದ ಗುಂಡಿನ ಪಕ್ಕ ಥರ್ಮೋಕೋಲ್ ಗುಂಡು ಬಿಟ್ಟರೆ ಅದು ಹಿಂದೆ ಬೀಳುತ್ತದೆ, ಬೇಗ ನಿಲ್ಲುತ್ತದೆ. "ಭಾರ ಇದ್ದದ್ದು ಬ್ಯಾರೇನೇ ತೂಗ್ತದ ನೋಡ್ರಿ ಸರ್" ಅಂತ ಸ್ಟಾಫ್ ರೂಮಿನಲ್ಲೂ ಅಂದರು. ಈಗ ಯಾರೂ ಅನ್ನುವುದಿಲ್ಲ.

ಹುಬ್ಬಳ್ಳಿಯ ಒಂದು ಲೇಥ್ ಅಂಗಡಿಯಲ್ಲಿ ಒಂದೇ ಅಳತೆಯ ಹಿತ್ತಾಳೆ ಗುಂಡು, ಸಾಗವಾನಿ ಗುಂಡು ಮಾಡಿಸಿದ್ದೆ. ಸುಮಾರು 900 ರೂಪಾಯಿ ಹೋಯಿತು. 100 ತೂಗಾಟ ಮುಗಿಯುವುದರೊಳಗೆ ಕಟ್ಟಿಗೆ ಗುಂಡು ಹಿಂದೆ. ಹಗುರಾದದ್ದಕ್ಕೆ ಗಾಳಿಯ ಕಾಟ ಜಾಸ್ತಿ. ನಮ್ಮ ಗದಗಿನಲ್ಲಿ ಗಾಳಿ ಜೋರು, ಆದರೆ ಕಿಟಕಿ ಮುಚ್ಚಿದರೂ ಕೋಣೆಯ ಗಾಳಿ ಸಾಕು. ಎರಡನ್ನೂ ಒಂದೇ ಬಿದಿರಿಗೆ ಕಟ್ಟಿದರೆ ಇನ್ನೊಂದು ಫಜೀತಿ. ಒಂದರ ತೂಗಾಟ ಇಳಿಯುತ್ತಾ ಇನ್ನೊಂದರದು ಏರುತ್ತದೆ, ಆಮೇಲೆ ತಿರುಗಾಮುರುಗಾ. ನೈಲಾನ್ ದಾರವಂತೂ ರಾತ್ರಿ ಕಳೆಯುವುದರೊಳಗೆ ಉದ್ದ ಆಗಿರುತ್ತಿತ್ತು.

ದಾರಿ ಸಿಕ್ಕಿದ್ದು ನ್ಯೂಟನ್‌ನಿಂದ. 1687ರ ಪ್ರಿನ್ಸಿಪಿಯಾ ಎಂಬ ಪುಸ್ತಕದಲ್ಲಿ ಅವನು ಬಂಗಾರ, ಬೆಳ್ಳಿ, ಸೀಸ, ಗಾಜು, ಮರಳು, ಉಪ್ಪು, ಕಟ್ಟಿಗೆ, ನೀರು, ಗೋಧಿ ಎಲ್ಲವನ್ನೂ ಲೋಲಕಕ್ಕೆ ಕಟ್ಟಿ ತೂಗಿಸಿ ನೋಡಿದ್ದನ್ನು ಬರೆದಿದ್ದಾನೆ. ದಾರ 11 ಅಡಿ. ಜಾಣತನ ಇರುವುದು ಡಬ್ಬಿಯಲ್ಲಿ: ಹೊರಗಿನ ಡಬ್ಬಿ ಒಂದೇ ನಮೂನೆ, ಒಳಗಿನ ತೂಕವೂ ಸಮ. ಆಗ ಗಾಳಿ ಎರಡಕ್ಕೂ ಒಂದೇ ಲೆಕ್ಕ.

ಹುಬ್ಬಳ್ಳಿಯ ದುರ್ಗದಬೈಲ್ ಮಾರುಕಟ್ಟೆಯಲ್ಲಿ ದುಂಡನೆಯ ಪ್ಲಾಸ್ಟಿಕ್ ಡಬ್ಬಿ ಕೊಂಡೆ, ಒಂದಕ್ಕೆ 20-25 ರೂಪಾಯಿ ಇರಬೇಕು. ಒಂದರಲ್ಲಿ ಬಿಳಿಜೋಳ ಗಟ್ಟಿಯಾಗಿ ತುಂಬಿದೆ, 190 ಗ್ರಾಂ ಹತ್ತಿರ. ಅಷ್ಟೇ ತೂಕದ ಸೀಸ ಇನ್ನೊಂದರಲ್ಲಿ. ಗಾಡಿ ಚಕ್ರದ ಬ್ಯಾಲೆನ್ಸಿಂಗ್‌ಗೆ ಹಾಕುವ ಹಳೆಯ ಸೀಸದ ತುಂಡುಗಳು ಗ್ಯಾರೇಜಿನಲ್ಲಿ ಸುಮ್ನೆ ಸಿಕ್ಕವು. ಸೀಸ ಮುಷ್ಟಿಯಷ್ಟೂ ಆಗುವುದಿಲ್ಲ, ಅದು ಡಬ್ಬಿಯ ನಟ್ಟನಡುವೆ ಅಲುಗದೆ ಕೂರಬೇಕು. ಹೇಗೆ ಕೂರಿಸಿದೆ ಅನ್ನುವುದನ್ನು ಇಲ್ಲಿ ಹೇಳುವುದಿಲ್ಲ. ಮನೆಗೆ ಬಂದವರಿಗೆ ತೋರಿಸುತ್ತೇನೆ.

ನಮ್ಮ ಪಡಸಾಲೆಯ ಎರಡು ಬೇರೆ ಬೇರೆ ಜಂತಿಗೆ ಕೊಕ್ಕೆ ಹೊಡೆದು, ಒಂದೊಂದು ಡಬ್ಬಿಗೆ ಎರಡೆರಡು ತೆಳು ತಂತಿ ಇಳಿಬಿಟ್ಟೆ. ಅಡ್ಡಾದಿಡ್ಡಿ ಸುತ್ತುವುದು ನಿಂತಿತು. ಉದ್ದ ಎರಡೂವರೆ ಮೀಟರ್, ಒಂದು ತೂಗಾಟಕ್ಕೆ ಮೂರು ಸೆಕೆಂಡಿನ ಮೇಲೆ ಸ್ವಲ್ಪ. ಟೇಪ್ ಹಿಡಿದು ಅಳೆಯುವ ಗೋಜಿಗೆ ಹೋಗಬೇಡಿ. ಮೊದಲು ಎರಡರಲ್ಲೂ ಜೋಳವೇ ತುಂಬಿ, ಜೊತೆಯಾಗಿ ತೂಗುವ ತನಕ ತಂತಿ ಸರಿಮಾಡಿ. ಆಮೇಲೆ ಒಂದು ಡಬ್ಬಿಯ ಜೋಳ ತೆಗೆದು ಸೀಸ ಹಾಕಿ.

ಐದು ನಿಮಿಷ ದಾಟಿದರೂ ಜೋಡಿ ತಪ್ಪಲಿಲ್ಲ. ಉಪ್ಪು, ಮರಳು ಹಾಕಿದಾಗಲೂ ಅಷ್ಟೇ. ಸಂಶಯದವರಿಗಾಗಿ ಒಂದು ಡಬ್ಬಿಯನ್ನು ಬೇಕಂತಲೇ ಎರಡೂವರೆ ಮಿಲಿಮೀಟರ್ ಕೆಳಗಿಳಿಸಿದೆ. ಅಂದರೆ ಸಾವಿರದಲ್ಲಿ ಒಂದು ಪಾಲು. 100 ತೂಗಾಟಕ್ಕೆ ಅದು ಎರಡು ಬೆರಳಷ್ಟು ಹಿಂದೆ ಬಿತ್ತು, ಎಲ್ಲರೂ ಕಣ್ಣಾರೆ ಕಂಡರು. ಸೀಸಕ್ಕೂ ಜೋಳಕ್ಕೂ ಅಷ್ಟು ವ್ಯತ್ಯಾಸ ಇದ್ದಿದ್ದರೆ ಅದೂ ಹೀಗೇ ಕಾಣಬೇಕಿತ್ತು. ನ್ಯೂಟನ್ ಹೇಳಿದ್ದೂ ಸಾವಿರದಲ್ಲಿ ಒಂದರ ಲೆಕ್ಕವನ್ನೇ. ಅದು ನಮ್ಮ ಪಡಸಾಲೆಯಲ್ಲಿ ಆಯಿತು.

ಇನ್ನೊಂದು ಮಾಡಿ ನೋಡಿ. ಡಬ್ಬಿಯ ತಳಕ್ಕೆ ಹಳೆ ಸ್ಪೀಕರಿನ ಅಯಸ್ಕಾಂತ ಅಂಟಿಸಿ, ಕೆಳಗೆ ಹತ್ತಿರದಲ್ಲೇ ದಪ್ಪ ಅಲ್ಯೂಮಿನಿಯಂ ತಟ್ಟೆ ಇಡಿ. ತೂಗಾಟ ಬೇಗ ಇಳಿಯುತ್ತದೆ. ಇಲ್ಲಿ ತಟ್ಟೆ ಯಾವ ವಸ್ತುವಿನದು ಅನ್ನುವುದು ಲೆಕ್ಕಕ್ಕೆ ಬರುತ್ತದೆ, ಯಾಕಂದರೆ ತಡೆಯುವುದು ತಟ್ಟೆಯಲ್ಲಿ ಹುಟ್ಟುವ ವಿದ್ಯುತ್ತು. ತಾಮ್ರದ ತಟ್ಟೆಯೂ ಆಗುತ್ತದೆ. ಕಬ್ಬಿಣದ್ದು ಬೇಡ, ಅಯಸ್ಕಾಂತವನ್ನೇ ಎಳೆದುಕೊಳ್ಳುತ್ತದೆ.