ಎರೆಮಣ್ಣಿನ ಸಿಬಿಆರ್ ಪರೀಕ್ಷೆ: ನನ್ನ ಅನುಭವ

ವಿಜಯಪುರ ಜಿಲ್ಲೆಯ ಡೋಣಿ ನದಿ ಸಾಲಿನ ಒಂದು ಹಳ್ಳಿ ರಸ್ತೆಯ ಸಬ್‌ಗ್ರೇಡ್ ಮಣ್ಣು (ರಸ್ತೆಯ ಪದರಗಳ ಅಡಿಯ ನೆಲದ ಮಣ್ಣು) ಸಿಬಿಆರ್ ಪರೀಕ್ಷೆಗೆ, ಅಂದರೆ ಅದರ ಭಾರ ಹೊರುವ ಶಕ್ತಿಯನ್ನು ಅಳೆಯುವ ಪರೀಕ್ಷೆಗೆ ಬಂದಾಗ, ಅದುವರೆಗೆ ಗರಸಿನಲ್ಲೇ ಕೈ ಪಳಗಿಸಿಕೊಂಡಿದ್ದ ನಾನು ಎರೆಮಣ್ಣಿಗೂ ಅದೇ ಕ್ರಮ ಅನುಸರಿಸಿದೆ. ಹೆಂಟೆ ಕುಟ್ಟಿ, ಮಣ್ಣು ಯಾವ ತೇವಾಂಶದಲ್ಲಿ ಅತಿ ಗಟ್ಟಿಯಾಗಿ ಕೂರುತ್ತದೆಂದು ಹೇಳುವ ಪ್ರಾಕ್ಟರ್ ಪರೀಕ್ಷೆಯಲ್ಲಿ ಸಿಕ್ಕ ತೇವಾಂಶಕ್ಕೆ ಸರಿಯಾಗಿ ನೀರು ಬೆರೆಸಿ, ಕೂಡಲೇ ಮೋಲ್ಡಿಗೆ (ಲೋಹದ ಅಚ್ಚಿಗೆ) ತುಂಬಿದೆ. ಮೂರು ಮೋಲ್ಡುಗಳ ಸಾಂದ್ರತೆ ಒಂದಕ್ಕೊಂದು ತಾಳೆಯಾಗಲಿಲ್ಲ. ಒಂದನ್ನು ಹೊರತೆಗೆದು ಚಾಕುವಿನಿಂದ ಸೀಳಿದಾಗ, ಮಿದುವಾಗಿ ಹೊಳೆಯುವ ಕಪ್ಪು ಮಣ್ಣಿನ ನಡುವೆ ಕಡಲೆಕಾಳಿನಷ್ಟು ದಪ್ಪದ ಬೂದುಬಣ್ಣದ ಒಣ ಹರಳುಗಳು ಕಂಡವು. ನೀರು ಅವುಗಳೊಳಗೆ ಇಳಿದೇ ಇರಲಿಲ್ಲ.

ಅಂದಿನಿಂದ ಎರೆಮಣ್ಣನ್ನು ಓವನ್ನಿನಲ್ಲಿಡದೆ ನೆರಳಿನಲ್ಲಿ ಆರಿಸಿ, ನೀರು ಬೆರೆಸಿದ ಮೇಲೆ ಪ್ಲಾಸ್ಟಿಕ್ ಚೀಲದಲ್ಲಿ ಬಾಯಿ ಕಟ್ಟಿ ಒಂದು ದಿನ ಬಿಡುತ್ತೇನೆ. ಮರುದಿನ ತೇವಾಂಶವನ್ನು ಮತ್ತೆ ನೋಡಿ, 150 ಮಿ.ಮೀ. ವ್ಯಾಸದ ಮೋಲ್ಡಿನಲ್ಲಿ ಮೂರು ಪದರಗಳಾಗಿ, 2.6 ಕೆ.ಜಿ. ರ‍್ಯಾಮರಿನಿಂದ ಪದರಕ್ಕೆ 56 ಪೆಟ್ಟಿನಂತೆ ದಮ್ಮಸು ಮಾಡುತ್ತೇನೆ. ಮೇಲೆ 5 ಕೆ.ಜಿ. ಭಾರವಿಟ್ಟು, ಮಣ್ಣು ಎಷ್ಟು ಉಬ್ಬಿತೆಂದು ಮುಳ್ಳಿನಿಂದ ತೋರಿಸುವ ಡಯಲ್ ಗೇಜ್ ಕೂಡಿಸಿ, 96 ಗಂಟೆ ನೀರಿನಲ್ಲಿ ನೆನೆಸಿಡುತ್ತೇನೆ.

ಈ ನಾಲ್ಕು ದಿನಗಳನ್ನು ಉಳಿಸಲು ನೋಡುವವರು ಬಹಳ. ಬೇಸಿಗೆಯಲ್ಲಿ ಕಲ್ಲಿನಂತಿರುವ ನೆಲಕ್ಕೆ ನೆನೆಸಿದ ಲೆಕ್ಕ ಏಕೆ ಎಂದು ಆ ಕಾಮಗಾರಿಯ ಗುತ್ತಿಗೆದಾರರೂ ಕೇಳಿದ್ದರು. ಅವರ ಎದುರಿಗೇ ಅದೇ ಮಣ್ಣಿನ ಎರಡು ಮೋಲ್ಡುಗಳನ್ನು ಯಂತ್ರಕ್ಕೆ ಕೊಟ್ಟೆ. ನಿಮಿಷಕ್ಕೆ 1.25 ಮಿ.ಮೀ. ವೇಗದಲ್ಲಿ ಮಣ್ಣಿಗೆ ಇಳಿಯುವ ಪ್ಲಂಜರ್ (ಯಂತ್ರದ ಉಕ್ಕಿನ ದಂಡ) 2.5 ಮಿ.ಮೀ. ಆಳ ಮುಟ್ಟಿದಾಗ, ನೆನೆಸದ ಮಾದರಿ 137 ಕೆ.ಜಿ.ಗಿಂತ ಹೆಚ್ಚು ತಡೆಯಿತು, ಅಷ್ಟೇ ಆಳಕ್ಕೆ ಪುಡಿಗಲ್ಲು ತಡೆಯುವ 1370 ಕೆ.ಜಿ.ಯ ಪ್ರಮಾಣಭಾರಕ್ಕೆ ಹೋಲಿಸಿದರೆ ಅದರ ಸಿಬಿಆರ್ ಶೇ 10 ದಾಟಿತು. ನೆನೆಸಿದ್ದು ಶೇ 2ರ ಆಸುಪಾಸಿನಲ್ಲೇ ನಿಂತಿತು. ರಸ್ತೆಯ ದಪ್ಪವನ್ನು ಮೊದಲಿನ ಅಂಕಿಯಿಂದ ಲೆಕ್ಕ ಹಾಕಿದರೆ, ಹಿಂಗಾರಿ ಮಳೆಗೆ ನೆಲ ನೆನೆದಾಗ ಡಾಂಬರು ಬಿರಿಯುವುದು ಖಚಿತ.

ಸಿಬಿಆರ್ ಜೊತೆಗೆ ಉಬ್ಬರದ ಪರೀಕ್ಷೆಯನ್ನೂ ನಾನು ಬಿಡುವುದಿಲ್ಲ. 425 ಮೈಕ್ರಾನ್ ಜರಡಿಯಿಂದ ಕೆಳಗಿಳಿದ 10 ಗ್ರಾಂ ಮಣ್ಣನ್ನು ಒಂದು ಗಾಜಿನ ಜಾಡಿಯಲ್ಲಿ ಸೀಮೆಎಣ್ಣೆಗೂ ಇನ್ನೊಂದರಲ್ಲಿ ಭಟ್ಟಿ ಇಳಿಸಿದ ನೀರಿಗೂ ಹಾಕಿ ಒಂದು ದಿನ ಬಿಟ್ಟರೆ, ಎಣ್ಣೆಯಲ್ಲಿ ಸುಮ್ಮನೆ ಕೂತ ಮಣ್ಣು ನೀರಿನಲ್ಲಿ ಅದರ ಇಮ್ಮಡಿಯಾಗಿ ಏರುವುದನ್ನು ಕಣ್ಣಾರೆ ಕಾಣಬಹುದು. ಪದರ ಪದರಗಳ ನಡುವೆ ನೀರು ಹೀರುವ ಮಾಂಟ್‌ಮೊರಿಲೊನೈಟ್ ಖನಿಜದ ಗುಣ ಅದು. ಈ ಉಬ್ಬರ, ಅಂದರೆ ಎಣ್ಣೆಯಲ್ಲಿನ ಗಾತ್ರಕ್ಕಿಂತ ನೀರಿನಲ್ಲಿ ಹೆಚ್ಚಾದ ಪಾಲು, ಶೇ 50 ಮೀರಿದ ಮಣ್ಣನ್ನು ಹೆದ್ದಾರಿಯ ಏರಿಗೆ (ರಸ್ತೆ ಎತ್ತರಿಸುವ ಮಣ್ಣಿನ ದಿಬ್ಬಕ್ಕೆ) ಹಾಗೇ ಬಳಸುವಂತಿಲ್ಲ.

ಹೀಗಾಗಿ ಶೇ 4ರಷ್ಟು ಸುಣ್ಣ ಬೆರೆಸಿ ಮತ್ತೊಂದು ಸರಣಿ ಮಾಡಿದೆ. ಹಿಂದಿನ ದಿನದವರೆಗೆ ತಟ್ಟೆಗೂ ಬೆರಳಿಗೂ ಮೆತ್ತಿಕೊಳ್ಳುತ್ತಿದ್ದ ಮಣ್ಣು ರವೆಯಂತೆ ಉದುರತೊಡಗಿತ್ತು. ಒಂದು ವಾರ ತೇವ ಆರದಂತೆ ಕಾಯ್ದಿಟ್ಟು ನೆನೆಸಿದ ಆ ಮೋಲ್ಡಿನ ಡಯಲ್ ಮುಳ್ಳು, ನಾಲ್ಕನೆಯ ದಿನವೂ ಇಟ್ಟ ಜಾಗದಿಂದ ಕೆಲವೇ ಗೆರೆಗಳಷ್ಟು ಸರಿದಿತ್ತು.